ಬಾಹ್ಯಾಕಾಶದ ಗಣಿ ಮತ್ತು ಕೆಜಿಎಫ್‌ನ ಗುಡ್ಡ

ಕೆಜಿಎಫ್‌ನಲ್ಲಿ ಬೇಸಿಗೆ ಗಾಳಿ ಎದ್ದಿತೆಂದರೆ ಸೈನೈಡ್ ಗುಡ್ಡಗಳ ಧೂಳು ಊರೊಳಗೆ ಬರುತ್ತದೆ. ಹಿಟ್ಟಿನಂಥ ನುಣುಪು, ಒಣಹಾಕಿದ ಬಟ್ಟೆಗೂ ಕಿಟಕಿಯ ಸರಳಿಗೂ ಮೆತ್ತಿಕೊಳ್ಳುತ್ತದೆ. ಅದಿರನ್ನು ಅರೆದು, ಸೈನೈಡ್‌ನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಅದು. ಕ್ಷುದ್ರಗ್ರಹಗಳ ಗಣಿಗಾರಿಕೆಯ ಸುದ್ದಿ ಓದುವಾಗ ನನಗೆ ಮೊದಲು ನೆನಪಾಗುವುದು ಈ ಗುಡ್ಡಗಳೇ.

ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ಭೂಮಿ ಕರಗಿದ ಸ್ಥಿತಿಯಲ್ಲಿದ್ದಾಗ ಕಬ್ಬಿಣದ ಜೊತೆ ಚಿನ್ನವೂ ಬಹುಪಾಲು ಗರ್ಭಕ್ಕೆ ಇಳಿಯಿತು. ಈಗ ಕೈಗೆ ಸಿಗುವುದು ಆಮೇಲೆ ಅಪ್ಪಳಿಸಿದ ಆಕಾಶಕಾಯಗಳು ತಂದದ್ದು ಎಂದು ಅನೇಕ ಗ್ರಹವಿಜ್ಞಾನಿಗಳು ವಾದಿಸುತ್ತಾರೆ. ಹಾಗಿದ್ದರೆ ಕೋಲಾರದ ಚಿನ್ನವೂ ಮೇಲಿನಿಂದ ಬಂದದ್ದೇ.

ಇಂಥ ಮಾತು ಹೇಳಲು ತಾಳ್ಮೆ ಬೇಕು. 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲು ಮಂಗಳನದು ಎಂದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಉಲ್ಕಾಶಿಲೆಗಳ ಅಧ್ಯಯನದಿಂದ ಹೆಸರಾದ ಜಿತೇಂದ್ರನಾಥ ಗೋಸ್ವಾಮಿ ಮುಂದೆ ಚಂದ್ರಯಾನ-1ರ ಪ್ರಧಾನ ವಿಜ್ಞಾನಿಯಾದರು. ಕಲ್ಲು ಬಲ್ಲವರು ನೀತಿ ರೂಪಿಸುವ ಕಡೆಯೂ ಕೂರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕಾನೂನು ಗೋಜಲಾಗಿರುವುದು ಒಂದೇ ಪ್ರಶ್ನೆಯಲ್ಲಿ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರನನ್ನಾಗಲಿ ಬೇರೆ ಆಕಾಶಕಾಯವನ್ನಾಗಲಿ ಯಾವ ದೇಶವೂ ತನ್ನದೆನ್ನುವಂತಿಲ್ಲ. ಅಲ್ಲಿಂದ ಅಗೆದು ತೆಗೆದದ್ದು ಯಾರದು? ಒಪ್ಪಂದ ಅದನ್ನು ಬಿಡಿಸಿ ಹೇಳಲಿಲ್ಲ. 1979ರ ಚಂದ್ರ ಒಪ್ಪಂದ ಆ ಸಂಪತ್ತನ್ನು ಮನುಕುಲದ ಸಮಾನ ಆಸ್ತಿ ಎಂದಿತು. ಭಾರತ 1982ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. 2015ರಲ್ಲಿ ಅಮೆರಿಕ ಅಗೆದು ತೆಗೆದದ್ದರ ಒಡೆತನವನ್ನು ತನ್ನ ಕಂಪನಿಗಳಿಗೆ ಕೊಟ್ಟಿತು. 2023ರ ಏಪ್ರಿಲ್‌ನಲ್ಲಿ ಬಂದ ಭಾರತೀಯ ಬಾಹ್ಯಾಕಾಶ ನೀತಿಯೂ ಖಾಸಗಿಯವರು ಕ್ಷುದ್ರಗ್ರಹದ ಸಂಪತ್ತನ್ನು ಹೊಂದಬಹುದು, ಮಾರಬಹುದು ಎಂದಿತು. ಜೂನ್‌ನಲ್ಲಿ, ಬಾಹ್ಯಾಕಾಶ ಅನ್ವೇಷಣೆಗೆ ಅಮೆರಿಕದ ಮುಂದಾಳತ್ವದಲ್ಲಿ ರೂಪುಗೊಂಡ ಆರ್ಟೆಮಿಸ್ ಒಡಂಬಡಿಕೆಗೆ ಭಾರತದ ಸಹಿ ಬಿತ್ತು. ಅದೇ ವರ್ಷ ಬೆನ್ನು ಎಂಬ ಹೆಸರಿನ ಕ್ಷುದ್ರಗ್ರಹದಿಂದ ಭೂಮಿಗೆ ಬಂದದ್ದು 121 ಗ್ರಾಂನಷ್ಟು ಕಲ್ಲು, ಧೂಳು. ತಂದದ್ದು ಒಂದು ಹಿಡಿಯಷ್ಟು. ಮಾರುವ ಹಕ್ಕು ಆಗಲೇ ಬರೆದಾಗಿತ್ತು.

ಆಕಾಶಕಾಯಗಳನ್ನು ಹಾನಿಕರವಾಗಿ ಕಲುಷಿತಗೊಳಿಸಬಾರದು ಎಂದು 1967ರ ಒಪ್ಪಂದದ 9ನೇ ವಿಧಿ ಹೇಳುತ್ತದೆ. ಗಣಿ ಮುಗಿದ ಮೇಲೆ ಉಳಿದದ್ದನ್ನು ಯಾರು ನೋಡಿಕೊಳ್ಳಬೇಕು ಎಂಬುದು ಅದರಲ್ಲಿಲ್ಲ.

ಇದು ನಾವು ಇಲ್ಲೇ ಕಂಡ ಕಥೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂದದ್ದು, 1956ರಲ್ಲಿ ಗಣಿ ಸರ್ಕಾರದ ಕೈ ಸೇರಿದ್ದು, 2001ರ ಫೆಬ್ರುವರಿ 28ರಂದು ಬೀಗ ಬಿದ್ದದ್ದು: ನೂರಿಪ್ಪತ್ತು ವರ್ಷ ಇಷ್ಟರಲ್ಲಿ ಹೇಳಿ ಮುಗಿಸಬಹುದು. ನೆಲದಡಿ ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದವರ ಬದುಕನ್ನು ಹಾಗೆ ಮುಗಿಸಲಾಗದು. ಕೊನೆಗಾಲದಲ್ಲಿ ಒಂದು ಟನ್ ಅದಿರಿಗೆ ಸಿಗುತ್ತಿದ್ದ ಚಿನ್ನ 3 ಗ್ರಾಂ ಆಸುಪಾಸು. ಮಿಕ್ಕದ್ದೆಲ್ಲ ಗುಡ್ಡ ಸೇರಿತು. ಚಿನ್ನದ ಲೆಕ್ಕವಿತ್ತು, ಧೂಳಿಗೆ ವಾರಸುದಾರರಿರಲಿಲ್ಲ. ಅಂಥ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು.