ಕಪ್ಪು ಪಂಚೆ, ಕಾಂಡ್ಲದ ಎಲೆ

ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಬೇಸಿಗೆ ಬಂತೆಂದರೆ ಉಪ್ಪಿನ ಆಗರಗಳು ಬೆಳ್ಳಗಾಗುತ್ತವೆ. ಅಲ್ಲಿ ಬೇಕಾದ್ದು ಉಪ್ಪು. ನೀರು ಆವಿಯಾಗಿ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಹಾಗೆ ಹೋದ ನೀರೇ ನಮಗೆ ಬೇಕು, ಉಪ್ಪು ಸಮುದ್ರಕ್ಕೇ ವಾಪಸಾಗಲಿ ಎನ್ನುವವರೂ ಇದ್ದಾರೆ. ಸಮುದ್ರದ ನೀರನ್ನು ಬಿಸಿಲಲ್ಲಿ ಸಿಹಿನೀರಾಗಿಸಲು ಅವರ ಕೈಯಲ್ಲೀಗ ಇರುವುದು ಒಂದು ತುಂಡು ಬಟ್ಟೆ.

ಆಸೆ ಹಳೆಯದೇ. 1872ರಲ್ಲಿ ಚಿಲಿಯ ಮರುಭೂಮಿಯಲ್ಲಿ, ಲಾಸ್ ಸಲಿನಾಸ್ ಎಂಬಲ್ಲಿ, ಚಾರ್ಲ್ಸ್ ವಿಲ್ಸನ್ ಎಂಬಾತ ಸುಮಾರು 4,700 ಚದರ ಮೀಟರ್ ಗಾಜಿನ ಮಾಡಿನಡಿ ಉಪ್ಪುನೀರು ನಿಲ್ಲಿಸಿ, ದಿನಕ್ಕೆ 20,000 ಲೀಟರಿಗೂ ಹೆಚ್ಚು ಸಿಹಿನೀರು ಇಳಿಸಿದ. ಗಣಿಯ ಹೇಸರಗತ್ತೆಗಳ ಬಾಯಾರಿಕೆಗೆ ಅದು ಬೇಕಿತ್ತು. ಆದರೆ ಇಂಥ ತೊಟ್ಟಿಗಳಲ್ಲಿ ಬಿಸಿಲೆಲ್ಲ ತಳದವರೆಗಿನ ನೀರನ್ನು ಕಾಯಿಸುವುದರಲ್ಲೇ ಖರ್ಚಾಗುತ್ತದೆ. ಆವಿಯಾಗುವುದೋ, ಮೇಲಿನ ಪದರ ಮಾತ್ರ. ಆ ಪದರವನ್ನಷ್ಟೇ ಕಾಯಿಸಿದರೆ ಹೇಗೆ? 2014ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಗ್ಯಾಂಗ್ ಚೆನ್ ಅವರ ತಂಡ ನೀರಿನ ಮೇಲೆ ಕಪ್ಪು ಇಂಗಾಲದ ಬಿಲ್ಲೆ ತೇಲಿಸಿ ಅದನ್ನೇ ಮಾಡಿತು. ಬಟ್ಟೆಗೆ ಈ ವಿದ್ಯೆ ಹುಟ್ಟಿನಿಂದಲೇ ಬಂದದ್ದು. ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ಹತ್ತಿಯ ನೂಲು ಬೇಕಾದಷ್ಟೇ ನೀರನ್ನು ಮೇಲಕ್ಕೆಳೆಯುತ್ತದೆ. ಮರದ ಎಲೆಗೆ ನೀರು ತಲುಪುವುದರ ಹಿಂದೆಯೂ ಇದೇ ಎಳೆತವಿದೆ.

ಮನೆಯಲ್ಲಿ ಅಯ್ಯಪ್ಪ ಮಾಲೆಯ ಹಳೆಯ ಕಪ್ಪು ಪಂಚೆಯೊಂದಿತ್ತು. ಒಂದು ಪಟ್ಟಿ ಹರಿದು, ತುದಿಯನ್ನು ಉಪ್ಪುನೀರಿನ ಬೋಗುಣಿಗೆ ಇಳಿಬಿಟ್ಟು ತಾರಸಿಯಲ್ಲಿಟ್ಟೆ. ಮೊದಲ ದಿನ ನೀರು ಚೆನ್ನಾಗಿ ಏರಿತು. ಮೂರನೆಯ ದಿನದ ಹೊತ್ತಿಗೆ ಪಟ್ಟಿ ಹಪ್ಪಳದಂತೆ ಸೆಟೆದು, ಅಂಚಿನಲ್ಲಿ ಬೂಷ್ಟು ಹಿಡಿದಂತೆ ಬಿಳಿ ಹರಳು. ಕಪ್ಪೆಲ್ಲ ಬಿಳಿಯಾದ ಮೇಲೆ ಬಿಸಿಲು ಹೀರುವವರಾರು? ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅದಕ್ಕೆ ಹೋಗಲು ದಾರಿ ಬೇಕು. ಪ್ರಯೋಗಾಲಯಗಳ ನಿಜವಾದ ಜಗಳ ಇರುವುದೂ ಬಿಸಿಲಿನ ಜೊತೆಗಲ್ಲ, ಈ ಉಪ್ಪಿನ ಜೊತೆಗೆ.

ಅಘನಾಶಿನಿ ನದಿಯ ಅಳಿವೆಯಲ್ಲಿ, ಉಪ್ಪುನೀರಿನಲ್ಲೇ ನಿಂತ ಕಾಂಡ್ಲದ (ಮ್ಯಾಂಗ್ರೋವ್) ಗಿಡಗಳು ಈ ಜಗಳವನ್ನು ಎಂದೋ ಗೆದ್ದಿವೆ. ಬಹುಪಾಲು ಉಪ್ಪನ್ನು ಬೇರಲ್ಲೇ ತಡೆಯುತ್ತವೆ. ಕೆಲವು ಜಾತಿಗಳು ಒಳಬಂದದ್ದನ್ನು ಎಲೆಯ ಗ್ರಂಥಿಗಳಿಂದ ಹೊರದೂಡುತ್ತವೆ, ಎಲೆ ನೆಕ್ಕಿದರೆ ಉಪ್ಪು. ತಾವರೆ ಎಲೆ ಇನ್ನೊಂದು ಪಾಠ ಹೇಳಿಕೊಟ್ಟಿತು: ಬಟ್ಟೆಯ ಕೆಳಮುಖ ನೀರು ಕುಡಿಯಲಿ, ಮೇಲ್ಮುಖಕ್ಕೆ ನೀರು ಅಂಟದಿರಲಿ. ಆಗ ಆವಿ ಮೇಲೆ ಹೋಗುತ್ತದೆ, ಉಪ್ಪು ಒದ್ದೆಯಿರುವ ಕೆಳಪದರದಲ್ಲೇ ಕರಗಿಕೊಂಡು ಹಿಂದಿರುಗುತ್ತದೆ. ಬಂಡೆಗೆ ಕಚ್ಚಿಕೊಳ್ಳುವ ಪಚ್ಚಿಲೆ ಎಂಬ ಚಿಪ್ಪುಜೀವಿಯ ಅಂಟನ್ನು ನೋಡಿ 2007ರಲ್ಲಿ ರೂಪಿಸಿದ ಪಾಲಿಡೋಪಮೈನ್ ಎಂಬ ಲೇಪ ಯಾವ ನೂಲಿಗೂ ಹಿಡಿಯುತ್ತದೆ. ನಮ್ಮ ಚರ್ಮದ ಮೆಲನಿನ್‌ನ ಸಂಬಂಧಿಯಾದ್ದರಿಂದ ಗಾಢ ಬಣ್ಣದ್ದು, ಬಿಸಿಲು ಹೀರುವುದಕ್ಕೂ ಸೈ. ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಶಾಂಘೈನ ಡೊಂಗ್‌ಹುವಾ ವಿಶ್ವವಿದ್ಯಾಲಯದವರ ಸರಳ ಉಪಾಯ. ಎರಡು ತೊಟ್ಟಿಗಳ ನಡುವೆ ಕಪ್ಪು ಬಟ್ಟೆಯನ್ನು ಜೋಲಿಯಂತೆ ತೂಗುಬಿಟ್ಟರು. ತಂತಿಯ ಮೇಲಿನ ಒದ್ದೆ ಪಂಚೆಯ ಹಾಗೆ ಗಟ್ಟಿ ಉಪ್ಪುನೀರು ತಗ್ಗಿಗೆ ಇಳಿದು ತೊಟ್ಟಿಕ್ಕುತ್ತದೆ, ಹರಳು ಕಟ್ಟಲು ಅವಕಾಶವೇ ಇಲ್ಲ.

ಮೋಡ ಕವಿದರೆ, ರಾತ್ರಿಯಾದರೆ? ಅದಕ್ಕೇ ಕರೆಂಟು. ಇಂಗಾಲದ ನಾರು, ಇಂಗಾಲದ ಅತಿಸೂಕ್ಷ್ಮ ನ್ಯಾನೋಕೊಳವೆ ಅಥವಾ ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕಾದ ಪಾಲಿಪಿರೋಲ್ ಲೇಪಿಸಿದ ಬಟ್ಟೆಯಲ್ಲಿ ವಿದ್ಯುತ್ ಹರಿಯುತ್ತದೆ, ಇಸ್ತ್ರಿಪೆಟ್ಟಿಗೆಯ ತಂತಿಯಂತೆ ಬಿಸಿಯಾಗುತ್ತದೆ. ಕೆಲವೇ ವೋಲ್ಟ್ ಸಾಕು. ಆದರೆ ಬೆತ್ತಲೆ ಲೇಪಕ್ಕೆ ಉಪ್ಪುನೀರು ತಾಗಿ ನೇರ ವಿದ್ಯುತ್ ಹರಿದರೆ ಕ್ಲೋರಿನ್ ಏಳಬಹುದು. ಹಾಗಾಗಿ ಬಿಸಿಯಾಗುವ ಪದರವನ್ನು ನೀರಂಟದ ಮೇಲ್ಮುಖದಲ್ಲಿಡುವುದು ಜಾಣತನ.

ಇಲ್ಲಿ ಲೆಕ್ಕ ತಪ್ಪಬಾರದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು. ನೆತ್ತಿಯ ಬಿಸಿಲು ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್, ಅಂದರೆ ಗಂಟೆಗೆ ಒಂದೂವರೆ ಲೀಟರಷ್ಟೇ. ಅದೇ ಕೆಲಸವನ್ನು ಕರೆಂಟಿನಿಂದ ಮಾಡಿದರೆ ಸಾವಿರ ಲೀಟರಿಗೆ 670 ಯೂನಿಟ್. ಒತ್ತಡದಲ್ಲಿ ನೀರು ಸೋಸುವ ಆರ್‌ಓ ಸ್ಥಾವರಗಳಿಗೆ ಮೂರ್ನಾಲ್ಕು ಯೂನಿಟ್ ಸಾಕು! ಊರಿಗೆ ನೀರು ಕೊಡಲು ಬಿಸಿಬಟ್ಟೆ ಬೇಡ. ದೋಣಿಗೋ, ಒಂಟಿ ದ್ವೀಪದ ಮನೆಗೋ, ಬಿಸಿಲಿಗೆ ಊರುಗೋಲಾಗಿ ಇರಲಿ. ಆವಿ ನೀರಾಗುವಾಗ ಬಿಟ್ಟುಕೊಡುವ ಶಾಖವನ್ನು ಮುಂದಿನ ಪದರಕ್ಕೆ ದಾಟಿಸಿದರೆ ಮಾತು ಬೇರೆ. 2020ರಲ್ಲಿ ಎಂಐಟಿ ಮತ್ತು ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾಲಯದವರು ಹತ್ತು ಹಂತ ಜೋಡಿಸಿ, ಚದರ ಮೀಟರಿಗೆ ಗಂಟೆಗೆ 5.78 ಲೀಟರ್ ತೆಗೆದರು, ಬಿಸಿಲಿನಿಂದಲೇ.

ಆವಿ ಹಿಡಿಯುವುದೂ ಸುಲಭವಲ್ಲ. ಮುಚ್ಚಳದ ಒಳಗೆ ಹನಿಗಟ್ಟಿದರೆ ಅದೇ ಬಿಸಿಲಿಗೆ ಅಡ್ಡ. ಹೊಸ ಪಟ್ಟಿ ಹಾಕಿದ ದಿನ ನಾನೂ ಬೋಗುಣಿಯ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆ. ಸಂಜೆಗೆ ಎರಡು ಚಮಚ ನೀರು ಸಿಕ್ಕಿತು. ನಾಲಿಗೆಗಿಟ್ಟು ನೋಡಿದೆ, ಉಪ್ಪಿರಲಿಲ್ಲ. ಪಂಚೆಯ ಬಣ್ಣದ ವಾಸನೆ ಮಾತ್ರ ಆವಿಯ ಜೊತೆಗೇ ಏರಿ ಬಂದಿತ್ತು.