ಫ್ರೆಂಚ್ ಬೀರುವಿನ ಮೂಲೆಯಲ್ಲಿ ಈಜಿಪ್ಟಿನ ತಲೆ ಏಕೆ?

ಪ್ರಶ್ನೆ: ಸುಮಾರು ಇನ್ನೂರು ವರ್ಷ ಹಳೆಯ ಫ್ರೆಂಚ್ ಡ್ರಾಯರ್ ಬೀರುಗಳ ಎರಡು ಮೂಲೆಯಲ್ಲೂ ಈಜಿಪ್ಟಿನ ತಲೆಗಳಿರುತ್ತವೆ. ಅವು ಈಜಿಪ್ಟಿನಿಂದ ಬಂದವೇ?

ಉತ್ತರ: ಇಲ್ಲ. ಬೀರು ಅಪ್ಪಟ ಫ್ರೆಂಚ್. ತಲೆಗಳನ್ನೂ ಅಲ್ಲೇ ಕಂಚಿನಲ್ಲಿ ಎರಕ ಹೊಯ್ದು ಕೂರಿಸಿದ್ದಾರೆ.

ಹತ್ತಿರದಿಂದ ನೋಡಿ. ಮೂಲೆಗಂಬದ ತುದಿಯಲ್ಲಿ ಗೆರೆಗೆರೆಯ ತಲೆವಸ್ತ್ರ ತೊಟ್ಟ ಹೆಣ್ಣಿನ ಮುಖ. ಬುಡದಲ್ಲಿ ಬರಿಗಾಲಿನ ಎರಡು ಪಾದ, ಬೆರಳುಗಳ ಸಮೇತ. ನಡುವೆ ಮೈಯೇ ಇಲ್ಲ, ಬರೀ ಮಹಾಗನಿ ಮರ! ಮರವೇ ಮೈಯಾಗಿ ನಿಲ್ಲುವ ಈ ಜಾಣತನ ನನಗೆ ತುಂಬಾ ಇಷ್ಟ.

ಈ ಹುಚ್ಚು ಹಬ್ಬಿದ್ದು ನೆಪೋಲಿಯನ್ನನಿಂದ. 1798ರಲ್ಲಿ ಅವನು ಈಜಿಪ್ಟಿನ ಮೇಲೆ ದಂಡೆತ್ತಿ ಹೋದ. (ಕೈರೋದಿಂದ ನಮ್ಮ ಟಿಪ್ಪುವಿಗೆ ಪತ್ರ ಬರೆದದ್ದೂ ಆ ದಂಡಯಾತ್ರೆಯಲ್ಲೇ. ಅದು ಬ್ರಿಟಿಷರ ಕೈಗೆ ಸಿಕ್ಕಿತು.) 1801ರಲ್ಲಿ ಅಲ್ಲಿದ್ದ ಫ್ರೆಂಚ್ ಸೇನೆ ಸೋತು ಶರಣಾಯಿತು. ಆದರೆ ಸೇನೆಯ ಜೊತೆ ಹೋಗಿದ್ದ ಕಲಾವಿದ ವಿವಾಂ ದೆನೋಂ ಗುಡಿ, ಕಂಬ, ಶಿಲ್ಪಗಳ ಚಿತ್ರ ಬರೆದುಕೊಂಡು ಬಂದಿದ್ದ. 1802ರಲ್ಲಿ ಅವನ ಪುಸ್ತಕ ಬಂತು. ಪ್ಯಾರಿಸ್ಸಿನ ಕುಶಲಕರ್ಮಿಗಳಿಗೆ ಬೇಕಾದಷ್ಟು ಮಾದರಿ ಸಿಕ್ಕಿತು. ಯುದ್ಧದಲ್ಲಿ ಕಳೆದುಕೊಂಡ ಈಜಿಪ್ಟ್, ಫ್ರೆಂಚ್ ಶ್ರೀಮಂತರ ಮಲಗುವ ಕೋಣೆಗೆ ಬಂದು ನಿಂತಿತು.

ದೆನೋಂ ನಾಣ್ಯ ಇಡಲು ತನಗಾಗಿ ಮಾಡಿಸಿಕೊಂಡ ಬೀರು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಆಕಾರ ಈಜಿಪ್ಟಿನ ಗುಡಿಯ ಹೆಬ್ಬಾಗಿಲಿನದು: ಬುಡ ಅಗಲ, ಮೇಲೆ ಹೋದಂತೆ ಕಿರಿದು. ಮಹಾಗನಿ ಮರಕ್ಕೆ ಬೆಳ್ಳಿಯ ಕುಸುರಿ. ಒಳಗಿನ ಡ್ರಾಯರ್‌ಗಳ ಮೇಲೆ ಬೆಳ್ಳಿಯ ಜೇನುನೊಣಗಳಿವೆ. ನೊಣದ ಒಂದು ರೆಕ್ಕೆಗೆ ಕೀಲು ಹಾಕಿದ್ದಾರೆ. ಅದನ್ನು ಎತ್ತಿ ಹಿಡಿದೇ ಡ್ರಾಯರ್ ಎಳೆಯಬೇಕು. ಇಂಥ ಕೆಲಸದ ಮುಂದೆ ಮಾಮೂಲಿ ತಲೆ-ಪಾದದ ಬೀರುಗಳು ಸಪ್ಪೆ ಎನಿಸಿದರೆ ತಪ್ಪೇನಿಲ್ಲ.

ಹಾಗಂತ ಎಲ್ಲವನ್ನೂ ನೆಪೋಲಿಯನ್ನನ ಲೆಕ್ಕಕ್ಕೆ ಬರೆಯಬೇಡಿ. ಅವನಿಗಿಂತ ಮೊದಲೇ ಫ್ರಾನ್ಸಿನ ರಾಣಿ ಮರಿ ಆಂತ್ವನೆತ್‌ಳ ಕೋಣೆಗಳಲ್ಲಿ ಸಿಂಹದ ಮೈ, ಮನುಷ್ಯರ ತಲೆಯ ಸ್ಫಿಂಕ್ಸ್‌ಗಳಿದ್ದವು. ಇಟಲಿಯ ಕಲಾವಿದ ಪಿರನೇಸಿ 1769ರಲ್ಲೇ ಈಜಿಪ್ಟ್ ಶೈಲಿಯ ಅಗ್ಗಿಷ್ಟಿಕೆಗಳ ವಿನ್ಯಾಸ ಅಚ್ಚು ಹಾಕಿಸಿದ್ದ.

ಆಮೇಲೆ ಇದೇ ಶೈಲಿಯ ನಕಲುಗಳೂ ಜಾಸ್ತಿಯೇ ಬಂದವು. ಹಾಗಾಗಿ ತಲೆ ನೋಡಿ ಕಾಲ ಹೇಳುವುದು ಕಷ್ಟ. ಡ್ರಾಯರ್ ಹೊರಗೆಳೆದು ನೋಡಿ. ಮೂಲೆಯಲ್ಲಿ ಹಲಗೆಗಳನ್ನು ಜೋಡಿಸುವ ಹಲ್ಲುಗಳು ಕೈಯಲ್ಲಿ ಕೊಯ್ದಂತೆ ಸ್ವಲ್ಪ ಏರುಪೇರಾಗಿವೆಯಾ? ಹೊರಗಿನ ಮಹಾಗನಿ ವಿನಿಯರ್, ಅಂದರೆ ಮೇಲೆ ಅಂಟಿಸಿದ ಮರದ ಪದರ, ದಪ್ಪಗಿದೆಯಾ? ಕಾಗದದಷ್ಟು ತೆಳ್ಳಗಿದ್ದರೆ ಅದು ಯಂತ್ರದ ಕಾಲದ್ದು.