ಓದುಗರ ಪ್ರಶ್ನೆ: ‘ನಿಜ ಜೀವನದಿಂದ ಪ್ರೇರಿತ’ ಅಂದರೆ ಎಷ್ಟು ನಿಜ?

ಪ್ರಶ್ನೆ: ಇತಿಹಾಸದ ಹೆಣ್ಣೊಬ್ಬಳ ಬಗ್ಗೆ ಕಾದಂಬರಿ ಓದುವಾಗ ಅವಳ ಪಕ್ಕದಲ್ಲೇ ಬದುಕಿದ ಹಾಗೆ ಅನಿಸುತ್ತದೆ. ಮುಗಿಸಿದ ಮೇಲೆ ಅನುಮಾನ ಶುರುವಾಗುತ್ತದೆ. ಇದರಲ್ಲಿ ನಡೆದದ್ದು ಎಷ್ಟು, ಲೇಖಕರು ಕಟ್ಟಿದ್ದು ಎಷ್ಟು? ಕಂಡುಹಿಡಿಯೋದು ಹೇಗೆ?

ಚಿಕ್ಕ ಉತ್ತರ ಮೊದಲು. ಊರು, ಇಸವಿ, ಯುದ್ಧ, ಮದುವೆ, ಸಾವು ಇವೆಲ್ಲ ಸಾಮಾನ್ಯವಾಗಿ ದಾಖಲೆಗಳಿಂದ ಬಂದಿರುತ್ತವೆ. ಮಾತುಕತೆ ಮತ್ತು ಮನಸ್ಸಿನೊಳಗಿನ ಯೋಚನೆ ಹೆಚ್ಚುಕಮ್ಮಿ ಪೂರ್ತಿ ಲೇಖಕರವು. ಇಷ್ಟೇ ಆಗಿದ್ದರೆ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ತೊಡಕಿದೆ. ಅವರ ಬಗ್ಗೆ ಇರುವ ದಾಖಲೆಗಳನ್ನೂ ಹೆಚ್ಚಾಗಿ ಬೇರೆಯವರೇ ಬರೆದಿದ್ದಾರೆ.

ಜಾನ್ ಬರೇ ಎಂಬ ಫ್ರೆಂಚ್ ಹೆಣ್ಣುಮಗಳನ್ನು ನೋಡಿ. ಭೂಮಿಯನ್ನು ಪೂರ್ತಿ ಸುತ್ತಿದ ಮೊದಲ ಮಹಿಳೆ ಎಂದು ಇತಿಹಾಸ ಗುರುತಿಸುವುದು ಈಕೆಯನ್ನೇ. ಹುಟ್ಟಿದ್ದು 1740ರಲ್ಲಿ, ಬಡ ಕುಟುಂಬದಲ್ಲಿ. ಬೂಗನ್‌ವಿಲ್ ಎಂಬ ನಾವಿಕನ ನೇತೃತ್ವದಲ್ಲಿ ಹಡಗುಗಳು ಲೋಕ ಸುತ್ತಲು ಹೊರಟಾಗ, ಸಸ್ಯವಿಜ್ಞಾನಿ ಕಾಮರ್ಸನ್ ಜೊತೆ ಗಂಡಸಿನ ವೇಷದಲ್ಲಿ ಹತ್ತಿದಳು. ಫ್ರಾನ್ಸಿನ ನೌಕಾಪಡೆಯ ಹಡಗಿನಲ್ಲಿ ಹೆಂಗಸರಿಗೆ ಜಾಗವೇ ಇರಲಿಲ್ಲ. ಗಿಡ ಹುಡುಕಿದಳು, ಹೊರೆ ಹೊತ್ತಳು, ಬೆಟ್ಟ ಹತ್ತಿದಳು.

ಅವಳ ಗುಟ್ಟು ಹೊರಬಿದ್ದದ್ದು ಎಲ್ಲಿ? 1768ರಲ್ಲಿ ತಹಿತಿ ದ್ವೀಪದ ಜನ ನೋಡಿದ ಕೂಡಲೇ ಇವಳು ಹೆಂಗಸು ಅಂತ ಗುರುತಿಸಿದರು ಎಂದು ಬೂಗನ್‌ವಿಲ್ ಬರೆದ. ಹಡಗಿನ ವೈದ್ಯ ಬರೆದಿದ್ದು ಇದಕ್ಕೆ ಹೊಂದುವುದಿಲ್ಲ, ಅವನು ಬೇರೆ ದ್ವೀಪದ ಹೆಸರು ಹೇಳುತ್ತಾನೆ. ಇಬ್ಬರೂ ಗಂಡಸರು, ಇಬ್ಬರೂ ಹೊರಗೆ ನಿಂತು ನೋಡಿದವರು. ಆ ದಿನದ ಬಗ್ಗೆ ಬರೇ ಬರೆದ ಒಂದು ಸಾಲೂ ನಮ್ಮ ಕೈಯಲ್ಲಿಲ್ಲ. ಹೆದರಿದಳಾ? ಇನ್ನು ವೇಷ ಬೇಕಿಲ್ಲ ಅಂತ ಹಗುರಾದಳಾ? ಇತಿಹಾಸಕಾರರು ಇಲ್ಲಿ ಸುಮ್ನೆ ನಿಲ್ಲಬೇಕಾಗುತ್ತದೆ. ಕಾದಂಬರಿಕಾರರು ಇಲ್ಲಿಂದಲೇ ಶುರು ಮಾಡುತ್ತಾರೆ. ಇದನ್ನು ನಾನು ಮೋಸ ಅಂತ ಎಣಿಸುವುದಿಲ್ಲ. ಬರೆಯಲು ಅವಕಾಶವೇ ಇಲ್ಲದಿದ್ದವಳ ದಿನಚರಿಯನ್ನು ಯಾರಾದರೂ ಊಹಿಸಲೇಬೇಕು, ಇಲ್ಲದಿದ್ದರೆ ಅವಳು ಇನ್ನೊಬ್ಬರ ಪುಸ್ತಕದ ಎರಡು ಪ್ಯಾರಾ ಆಗಿಯೇ ಉಳಿಯುತ್ತಾಳೆ.

(ಕಾಮರ್ಸನ್ ಒಂದು ಗಿಡಕ್ಕೆ ಅವಳ ಹೆಸರಿಟ್ಟಿದ್ದ, ಆ ಹೆಸರು ಉಳಿಯಲಿಲ್ಲ. 2012ರಲ್ಲಿ ಬದನೆಯ ಕುಲಕ್ಕೆ ಸೇರಿದ ಒಂದು ಸಸ್ಯಕ್ಕೆ ವಿಜ್ಞಾನಿಗಳು ಸೊಲಾನಮ್ ಬರೇಟಿಯೇ ಎಂದು ಹೆಸರಿಟ್ಟರು. ಓದಿದಾಗ ನನಗೆ ತುಂಬಾ ಸಂತೋಷವಾಗಿತ್ತು.)

ಆದರೆ ಊಹೆಗೂ ಒಂದು ಗಡಿ ಇದೆ. ದಾಖಲೆ ಮೌನವಾಗಿರುವ ಕಡೆ ಕಟ್ಟಬಹುದು. ದಾಖಲೆ ಮಾತಾಡುವ ಕಡೆ ಅದರ ವಿರುದ್ಧ ಕಟ್ಟಿದರೆ ಓದುಗರಿಗೆ ಹೇಳಬೇಕು. ಐರ್ಲೆಂಡಿನ ಹಡಗುಗಳ ಒಡತಿ ಗ್ರೇಸ್ ಓಮ್ಯಾಲಿ 1593ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್‌ಗೆ ಮನವಿ ಸಲ್ಲಿಸಿದಳು. ಆಸ್ಥಾನದಿಂದ ಅವಳಿಗೆ 18 ಪ್ರಶ್ನೆಗಳು ಬಂದವು. ಆ ಪ್ರಶ್ನೆಗಳೂ ಅವಳ ಉತ್ತರಗಳೂ ಇವತ್ತಿಗೂ ಉಳಿದಿವೆ. ರಾಣಿಯನ್ನು ಎದುರಾಬದುರಾಗಿ ಕಂಡಾಗ ಆಡಿದ ಮಾತು ಮಾತ್ರ ಉಳಿದಿಲ್ಲ. ಇಬ್ಬರೂ ಲ್ಯಾಟಿನ್‌ನಲ್ಲಿ ಮಾತಾಡಿದರು, ರಾಣಿ ಕೊಟ್ಟ ಕರವಸ್ತ್ರವನ್ನು ಗ್ರೇಸ್ ಬೆಂಕಿಗೆ ಎಸೆದಳು ಎಂಬುದೆಲ್ಲ ಆಮೇಲೆ ಬೆಳೆದ ದಂತಕಥೆ. ಕಾದಂಬರಿಯಲ್ಲಿ ಆ ಕರವಸ್ತ್ರ ಬಂದರೆ ಓದಿ ಖುಷಿಪಡಿ. ಆದರೆ ಅದನ್ನೇ ಇತಿಹಾಸ ಅಂತ ಮಗಳಿಗೆ ಹೇಳಬೇಡಿ, ಅಷ್ಟೇ.

ಇದರ ಉಲ್ಟಾ ಕೂಡ ಆಗುತ್ತದೆ. ನಂಬಲು ಆಗದ್ದು ಕೆಲವೊಮ್ಮೆ ಅಪ್ಪಟ ನಿಜ. ಪಳೆಯುಳಿಕೆ ಹುಡುಕುತ್ತಿದ್ದ ಇಂಗ್ಲೆಂಡಿನ ಮೇರಿ ಆನಿಂಗ್ ಹುಟ್ಟಿದ್ದು 1799ರಲ್ಲಿ. ಕೂಸಾಗಿದ್ದಾಗ ಅವಳನ್ನು ಎತ್ತಿಕೊಂಡಿದ್ದ ಹೆಂಗಸಿಗೆ ಸಿಡಿಲು ಬಡಿಯಿತು. ಆ ಹೆಂಗಸಿನ ಜೊತೆ ಇನ್ನಿಬ್ಬರು ಸತ್ತರು, ಕೂಸು ಬದುಕಿತು. ಕಾದಂಬರಿಯ ಮೊದಲ ಪುಟದಲ್ಲಿ ಇದನ್ನು ಓದಿದರೆ ಲೇಖಕರು ಜಾಸ್ತಿ ಮಸಾಲೆ ಹಾಕಿದ್ದಾರೆ ಅನಿಸುತ್ತದೆ, ಅಲ್ವಾ? ನಡೆದದ್ದು ಹಾಗೆಯೇ. 1823ರಲ್ಲಿ ಅವಳು ಪ್ಲೀಸಿಯೋಸಾರ್ ಎಂಬ ಸಮುದ್ರಜೀವಿಯ ಪೂರ್ತಿ ಅಸ್ಥಿಪಂಜರ ತೆಗೆದಳು. ಮುಂದಿನ ವರ್ಷ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಅದರ ಬಗ್ಗೆ ಭಾಷಣ ನಡೆಯಿತು, ಅವಳ ಹೆಸರು ಬರಲಿಲ್ಲ. ಆ ಸಂಘ ಹೆಣ್ಣುಮಕ್ಕಳನ್ನು ಸದಸ್ಯರಾಗಿ ಆರಿಸಿದ್ದು 1919ರಲ್ಲಿ. ಮೇರಿ ಆಗಲೇ ತೀರಿಕೊಂಡು 72 ವರ್ಷವಾಗಿತ್ತು. ಇಂಥ ಬದುಕಿಗೆ ಕಥೆಗಾರರು ಹೊಸ ಅನ್ಯಾಯ ಸೇರಿಸುವ ಅಗತ್ಯವೇ ಇಲ್ಲ.

ಹೆಣ್ಣಿನ ಸ್ವಂತ ಮಾತು ದಾಖಲೆಯಲ್ಲಿ ಸಿಗುವುದು ಅಪರೂಪ. ಸಿಕ್ಕಾಗಲೂ ಅದು ಬಹಳ ಸಲ ಕೋರ್ಟಿನ ಕಾಗದದಲ್ಲಿ ಇರುತ್ತದೆ. ಇಟಲಿಯ ಚಿತ್ರಕಲಾವಿದೆ ಆರ್ಟೆಮೀಸಿಯಾ ಜೆಂಟಿಲೆಸ್ಕಿ 1612ರಲ್ಲಿ ರೋಮ್‌ನಲ್ಲಿ, ತನ್ನ ಮೇಲೆ ಅತ್ಯಾಚಾರ ಮಾಡಿದವನ ವಿರುದ್ಧ ಸಾಕ್ಷಿ ಹೇಳಿದಳು. ನಿಜ ಹೇಳುತ್ತಿದ್ದಾಳೋ ಇಲ್ಲವೋ ನೋಡಲು ಅವಳ ಬೆರಳುಗಳಿಗೇ ಹಗ್ಗ ಬಿಗಿದರು. ಚಿತ್ರ ಬರೆಯುವ ಬೆರಳುಗಳು. ತಾನು ಹೇಳಿದ್ದು ನಿಜ ಎಂದು ಅವಳು ಮತ್ತೆ ಮತ್ತೆ ಹೇಳಿದಳು. ಆ ವಿಚಾರಣೆಯ ಬರಹ ಉಳಿದಿದೆ. ಅವಳ ಬಗ್ಗೆ ಬರೆಯುವ ಕಾದಂಬರಿಕಾರರು ಆ ದೃಶ್ಯದಲ್ಲಿ ಅವಳ ಮಾತನ್ನು ಬದಲಿಸಿದರೆ ನನಗೆ ಸಿಟ್ಟೇ ಬರುತ್ತದೆ. ಅಷ್ಟು ನೋವಿನಲ್ಲಿ ಆಡಿದ ಮಾತಿಗೆ ನಮ್ಮ ಒಗ್ಗರಣೆ ಬೇಡ.

ಇನ್ನೊಂದು ಕಡೆಯೂ ಹುಷಾರಾಗಿರಬೇಕು. ಸಾಧನೆಯ ಕಾರಣವನ್ನು ಒಬ್ಬ ಗಂಡಸಿನ ಪ್ರೀತಿಗೆ ಕಟ್ಟುವುದು ಬಹಳ ಹಳೆಯ ಅಭ್ಯಾಸ. ಬರೇ ಹಡಗು ಹತ್ತಿದ್ದು ಬರೀ ಪ್ರೀತಿಗಾಗಿ ಅಂದುಬಿಟ್ಟರೆ, ಅವಳಿಗಿದ್ದ ಗಿಡಗಳ ತಿಳಿವಳಿಕೆ ಎಲ್ಲಿ ಹೋಯಿತು? ಹಾಗೆಯೇ ಎಲ್ಲ ರಾಣಿಯರೂ ಸದಾ ಕುದುರೆಯ ಮೇಲೆ, ಕೈಯಲ್ಲಿ ಕತ್ತಿ. 1623ರಲ್ಲಿ ಉಳ್ಳಾಲದ ರಾಣಿಯನ್ನು ಕಂಡ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಬರೆದಿದ್ದೇ ಬೇರೆ. ಅವಳು ಬರಿಗಾಲಿನಲ್ಲಿ ನಡೆದು, ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದಳು. ಕೆಲಸ ಗೊತ್ತಿರುವ ಆ ರಾಣಿ ನನಗೆ ಕತ್ತಿ ಹಿಡಿದವಳಿಗಿಂತ ಹತ್ತಿರದವಳು ಅನಿಸುತ್ತಾಳೆ.

ಹಾಗಾದರೆ ಓದುವಾಗ ಏನು ಮಾಡೋದು? ಕೊನೆಯಲ್ಲಿ ‘ಲೇಖಕರ ಮಾತು’ ಇದೆಯಾ ನೋಡಿ. ಯಾವ ಪಾತ್ರ ಕಲ್ಪನೆ, ಯಾವ ಇಸವಿ ಹಿಂದೆಮುಂದೆ ಆಗಿದೆ, ಯಾರಿಬ್ಬರನ್ನು ಸೇರಿಸಿ ಒಬ್ಬರನ್ನು ಮಾಡಿದೆ ಅಂತ ಒಳ್ಳೆಯ ಲೇಖಕರು ಅಲ್ಲಿ ಹೇಳಿರುತ್ತಾರೆ. ಅದನ್ನು ಕಥೆ ಮುಗಿದ ಮೇಲೆ ಓದಿ, ಮೊದಲೇ ಓದಿದರೆ ಮಜಾ ಹೋಗುತ್ತದೆ. ಅದು ಇಲ್ಲದಿದ್ದರೆ ಕಥೆಯಲ್ಲಿ ನಿಮ್ಮನ್ನು ಜಾಸ್ತಿ ಅಲುಗಾಡಿಸಿದ ಒಂದೇ ಒಂದು ದೃಶ್ಯ ಆರಿಸಿ. ಇದನ್ನು ಕಣ್ಣಾರೆ ಕಂಡವರು ಯಾರು, ಬರೆದಿಟ್ಟವರು ಯಾರು, ನಡೆದು ಎಷ್ಟು ವರ್ಷದ ಮೇಲೆ ಬರೆದರು ಅಂತ ಹುಡುಕಿ. ಇಡೀ ಪುಸ್ತಕ ಪರೀಕ್ಷೆ ಮಾಡಬೇಕಿಲ್ಲ. ಆ ಒಂದು ದೃಶ್ಯದಲ್ಲಿ ಲೇಖಕರು ಹೇಗೆ ನಡೆದುಕೊಂಡಿದ್ದಾರೆ ಅಂತ ಗೊತ್ತಾದರೆ, ಉಳಿದ ಪುಟಗಳನ್ನು ಎಷ್ಟು ನಂಬಬಹುದು ಅಂತ ನಿಮಗೇ ಅಂದಾಜು ಸಿಗುತ್ತದೆ.